ಬಿಡದ ಜ್ವರದ ಹಿಂದೆ ಗುಲ್ಮದ ಕೀವು

ಮಳೆಗಾಲದ ನಡುವೆ ಭಟ್ಕಳ ತಾಲೂಕಿನ ಕಾಯ್ಕಿಣಿಯಂಥ ಊರುಗಳಲ್ಲಿ ಬಾವಿಗಳು ತುಂಬಿ ನಿಲ್ಲುತ್ತವೆ. ಅಂಗಳದ ಕೊಳೆನೀರು ಬಾವಿಗಿಳಿಯಲು ಹೆಚ್ಚು ಹೊತ್ತು ಬೇಡ. ಅಲ್ಲಿಯ ಒಂಬತ್ತನೇ ತರಗತಿಯ ಹುಡುಗನೊಬ್ಬನಿಗೆ ವಾರದಿಂದ ಜ್ವರ ಎಂದಿಟ್ಟುಕೊಳ್ಳಿ. ವೈದ್ಯರು ವಿಷಮಶೀತ ಜ್ವರ (ಟೈಫಾಯಿಡ್) ಎಂದು ಮಾತ್ರೆ ಕೊಟ್ಟರು. ಐದನೆಯ ದಿನ ಜ್ವರ ಇಳಿಯಿತು. ಉಳಿದ ಮಾತ್ರೆ ಕಪಾಟು ಸೇರಿತು. ಹತ್ತು ದಿನ ಕಳೆದ ಮೇಲೆ ಮತ್ತೆ ನಡುಕದ ಜ್ವರ, ಎಡ ಪಕ್ಕೆಯಲ್ಲಿ ನೋವು, ಎಡ ಭುಜದಲ್ಲೂ ನೋವು. ಶಾಲೆಯ ಚೀಲದ ಭಾರಕ್ಕೆ ಉಳುಕಿದೆಯೆಂದು ಅಜ್ಜಿ ಭುಜಕ್ಕೆ ಎಣ್ಣೆ ತಿಕ್ಕುತ್ತಾಳೆ. ನೋವಿನ ಮೂಲ ಇರುವುದು ಹೊಟ್ಟೆಯೊಳಗೆ, ಗುಲ್ಮದಲ್ಲಿ.

ಗುಲ್ಮವೆಂದರೆ ಎಡಗಡೆಯ ಕೆಳ ಪಕ್ಕೆಲುಬುಗಳ ಮರೆಯಲ್ಲಿರುವ, ಮುಷ್ಟಿ ಗಾತ್ರದ, ದೊಡ್ಡವರಲ್ಲಿ ಸುಮಾರು 150 ಗ್ರಾಂ ತೂಗುವ ಅಂಗ. ಹಳೆಯ ಕೆಂಪು ರಕ್ತಕಣಗಳನ್ನೂ ರಕ್ತಕ್ಕೆ ನುಗ್ಗಿದ ರೋಗಾಣುಗಳನ್ನೂ ಸೋಸುವುದು ಇದರ ಕೆಲಸ. ವಿಷಮಶೀತದ ಸಾಲ್ಮೊನೆಲ್ಲಾ ರೋಗಾಣುವಿನ ಚಾಲಾಕಿತನ ನೋಡಿ: ತನ್ನನ್ನು ನುಂಗಿದ ಕಣದೊಳಗೇ ಬದುಕಿಕೊಂಡು ಯಕೃತ್ತು, ಗುಲ್ಮ, ಮೂಳೆಮಜ್ಜೆಗಳಲ್ಲಿ ವೃದ್ಧಿಯಾಗುತ್ತದೆ. 1880ರಲ್ಲಿ ಜರ್ಮನ್ ವಿಜ್ಞಾನಿ ಕಾರ್ಲ್ ಎಬರ್ತ್ ಇದನ್ನು ಗುರುತಿಸಿದ್ದೂ ಈ ರೋಗದಿಂದ ಸತ್ತವರ ಗುಲ್ಮ ಮತ್ತು ದುಗ್ಧಗ್ರಂಥಿಗಳಲ್ಲಿ. (ಹೆಸರಿಗೂ ಸಾಲ್ಮನ್ ಮೀನಿಗೂ ಸಂಬಂಧವಿಲ್ಲ. ಅದು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರು.)

ವಿಷಮಶೀತದಲ್ಲಿ ಗುಲ್ಮ ಊದಿಕೊಳ್ಳುವುದು ಸಾಮಾನ್ಯ. ಅದರಲ್ಲಿ ಕೀವು ಕಟ್ಟುವುದು ವಿರಳ. ಆದರೆ ಕಟ್ಟಿದ ಕೀವು ಒಡೆದು ಹೊಟ್ಟೆಯೊಳಗೆ ಹರಡಿದರೆ ಜೀವಕ್ಕೇ ಅಪಾಯ. ಭುಜ ನೋಯುವುದೇಕೆ? ಗುಲ್ಮದ ಮೇಲೇ ವಪೆ ಇದೆ. ಕೆರಳಿದ ವಪೆಯ ಸುದ್ದಿ ಒಯ್ಯುವ ನರ ಕತ್ತಿನ ಭಾಗದಲ್ಲಿ ಬೆನ್ನುಹುರಿಯನ್ನು ಸೇರುತ್ತದೆ. ಭುಜದ ನರಗಳೂ ಸೇರುವುದು ಅಲ್ಲಿಗೇ. ಮಿದುಳು ವಿಳಾಸ ತಪ್ಪುತ್ತದೆ.

ರೋಗ ಪತ್ತೆಗೆ ನಮ್ಮಲ್ಲಿ ಎಲ್ಲರೂ ಕೇಳುವುದು ವಿಡಾಲ್ ಪರೀಕ್ಷೆ. 1896ರಿಂದ ಬಳಕೆಯಲ್ಲಿರುವ ಈ ಪರೀಕ್ಷೆ ಮೊದಲ ವಾರದಲ್ಲಿ ರೋಗವಿದ್ದರೂ ಇಲ್ಲವೆನ್ನಬಹುದು, ಹಿಂದೆಂದೋ ಬಂದುಹೋದ ಸೋಂಕಿಗೆ ಈಗ ಇದೆಯೆನ್ನಬಹುದು. ಅದಕ್ಕಿಂತ ನಂಬಿಕೆಗೆ ಅರ್ಹವಾದದ್ದು ರಕ್ತದ ಕಲ್ಚರ್, ಅಂದರೆ ರಕ್ತದಿಂದ ರೋಗಾಣುವನ್ನೇ ಬೆಳೆಸಿ ನೋಡುವುದು. ಕೀವಿನ ಗೂಡು ಕಾಣಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬೇಕು. ಸಂಶಯ ಉಳಿದರೆ ಸಿ.ಟಿ. ಸ್ಕ್ಯಾನ್.

ಕರಾವಳಿಯಲ್ಲಿ ಕಲ್ಚರಿಗೆ ಇನ್ನೊಂದು ಕಾರಣವೂ ಇದೆ. ಗದ್ದೆಯ ಕೆಸರಿನಲ್ಲಿರುವ ಬೇರೊಂದು ರೋಗಾಣು ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ತರುತ್ತದೆ. ಮುಖ್ಯವಾಗಿ ಮಧುಮೇಹಿಗಳನ್ನು ಕಾಡುವ ಇದೂ ಗುಲ್ಮದಲ್ಲಿ ಕೀವು ಕಟ್ಟಿಸುತ್ತದೆ. ಕರಾವಳಿಯ ಇಂಥ ರೋಗಿಗಳನ್ನು ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವೈದ್ಯರು ಹಲವು ವರ್ಷಗಳಿಂದ ದಾಖಲಿಸುತ್ತ ಬಂದಿದ್ದಾರೆ. ಸ್ಕ್ಯಾನಿನಲ್ಲಿ ಎರಡೂ ಒಂದೇ ರೀತಿ ಕಾಣಬಹುದು, ಔಷಧ ಮಾತ್ರ ಬೇರೆ. ವಿಷಮಶೀತಕ್ಕೆ ಕೊಡುವ ಸೆಫ್ಟ್ರಿಯಾಕ್ಸೋನ್ ಮೆಲಿಯಾಯ್ಡೋಸಿಸ್‌ಗೆ ಸಾಲದು. ಅದಕ್ಕೆ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಬೇಕು. ಇತ್ತ ವಿಷಮಶೀತದ ರೋಗಾಣುವೂ ಒಂದು ಕಾಲಕ್ಕೆ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಾಸಿನ್‌ಗೆ ಭಾರತದಲ್ಲಿ ಬಹುಮಟ್ಟಿಗೆ ಬಗ್ಗುತ್ತಿಲ್ಲ.

ಹಿಂದೆ ಗುಲ್ಮದಲ್ಲಿ ಕೀವೆಂದರೆ ಗುಲ್ಮವನ್ನೇ ತೆಗೆಯುತ್ತಿದ್ದರು. ಈಗ ಗೂಡು ಒಂದೇ ಆಗಿದ್ದು ಕೀವು ತೆಳುವಾಗಿದ್ದರೆ, ಸ್ಕ್ಯಾನಿನಲ್ಲಿ ನೋಡುತ್ತಲೇ ಚರ್ಮದ ಮೂಲಕ ಸೂಜಿ ಅಥವಾ ನಳಿಕೆ ಇಳಿಸಿ ಕೀವು ಹೊರತೆಗೆಯುತ್ತಾರೆ. ಜೊತೆಗೆ ಕೆಲವು ವಾರ ಔಷಧ. ಸಣ್ಣ ಗೂಡುಗಳು ಔಷಧಕ್ಕೇ ಕರಗುವುದೂ ಉಂಟು. ಗೂಡು ಒಡೆದಿದ್ದರೆ ಅಥವಾ ಬೇರೇನೂ ಫಲಿಸದಿದ್ದರೆ ಮಾತ್ರ ಗುಲ್ಮಕ್ಕೆ ಕತ್ತರಿ. ಗುಲ್ಮ ಹೋದ ಮಗುವಿಗೆ ನ್ಯೂಮೋಕಾಕಸ್, ಮೆನಿಂಗೊಕಾಕಸ್ ಮುಂತಾದ ರೋಗಾಣುಗಳ ಭಯ ಬದುಕಿಡೀ ಇರುತ್ತದೆ. ಲಸಿಕೆ ಹಾಕಿಸಲೇಬೇಕು, ಮುಂದೆ ಸಣ್ಣ ಜ್ವರ ಬಂದರೂ ವೈದ್ಯರ ಬಳಿ ಓಡಬೇಕು. ವಿಷಮಶೀತಕ್ಕೇ ಲಸಿಕೆಯಿದೆ. ಹೈದರಾಬಾದಿನಲ್ಲಿ ತಯಾರಾಗುವ ಅಂಥದೊಂದನ್ನು ಆರು ತಿಂಗಳು ತುಂಬಿದ ಶಿಶುವಿಗೂ ಕೊಡಬಹುದು.

ಕಾಯ್ಕಿಣಿಯಿಂದ ಮಣಿಪಾಲಕ್ಕೆ ಸುಮಾರು ನೂರು ಕಿಲೋಮೀಟರ್. ಹೊರಡುವಾಗ ಪಾಲಕರು ಹಳೆಯ ಚೀಟಿಗಳ ಜೊತೆಗೆ ಕಪಾಟಿನಲ್ಲಿ ಉಳಿದ ಆ ಮಾತ್ರೆಗಳನ್ನೂ ಒಯ್ಯಬೇಕು. ನುಂಗಿದ್ದು ಯಾವ ಔಷಧ, ಎಷ್ಟು ದಿನ ಎಂಬುದು ವೈದ್ಯರಿಗೆ ಗೊತ್ತಾಗಬೇಕು. ಔಷಧ ಬಿದ್ದ ರಕ್ತದಲ್ಲಿ ಕಲ್ಚರ್ ಏನನ್ನೂ ಬೆಳೆಸದೆ ಹೋಗಬಹುದು.