‘ಲಭ್ಯವಿಲ್ಲ’ದ ಅರ್ಥಸಂಕರ: ವೆಬ್ ಸರ್ವರ್ ಸ್ಥಿತಿಸಂಕೇತಗಳು ಮತ್ತು ಕನ್ನಡದ ನಿಷೇಧರೂಪಗಳು

ಸಾರಾಂಶ: ವೆಬ್ ಸರ್ವರ್ ನೀಡುವ ಸ್ಥಿತಿಸಂಕೇತಗಳು ನಿರಾಕರಣೆಯ ಬಗೆಗಳನ್ನು ಅಂಕಿಗಳಲ್ಲಿ ಬೇರ್ಪಡಿಸುತ್ತವೆ. ಈ ಭೇದಗಳನ್ನು ಹೇಳಬಲ್ಲ ವ್ಯಾಕರಣ ಸಾಮಗ್ರಿ ಕನ್ನಡದಲ್ಲಿದ್ದರೂ ‘ಲಭ್ಯವಿಲ್ಲ’ ಎಂಬ ಒಂದೇ ಅನುವಾದ ಅವನ್ನು ಅಳಿಸುತ್ತದೆ ಎಂಬುದು ನಮ್ಮ ವಾದ.

ಪ್ರಮುಖ ಪದಗಳು: ನಿಷೇಧ, ಕಾಲ, ಕರ್ತೃತ್ವ, ಎಚ್‌ಟಿಟಿಪಿ, ಅನುವಾದ

1. ಪ್ರಸ್ತಾವನೆ

ಮಹದೇವಪುರದ ನಿವಾಸಿಯೊಬ್ಬರು ತಮ್ಮ ಮನೆಯ ಖಾತಾ ಪ್ರತಿಯನ್ನು ಅಂತರಜಾಲದಲ್ಲಿ ಕೋರಿದರೆಂದು ಭಾವಿಸೋಣ. ಪರದೆಯ ಮೇಲೆ ‘ಪುಟ ಲಭ್ಯವಿಲ್ಲ’ ಎಂದು ಮೂಡುತ್ತದೆ. ಅವರು ವಿಳಾಸವನ್ನು ತಿದ್ದಬೇಕೆ, ಲಾಗಿನ್ ಆಗಬೇಕೆ, ಸಂಜೆಯವರೆಗೆ ಕಾಯಬೇಕೆ, ಕಚೇರಿಗೇ ಹೋಗಬೇಕೆ? ಇದರ ಸುಳಿವು ಸರ್ವರ್ ಕಳುಹಿಸಿದ ಮೂರಂಕಿಯ ಸಂಖ್ಯೆಯಲ್ಲಿದೆ, ಆ ವಾಕ್ಯದಲ್ಲಿಲ್ಲ. ಆ ಸಂಖ್ಯೆಯನ್ನು ಓದಬಲ್ಲ ತಂತ್ರಜ್ಞರು ಅದೇ ಮಹದೇವಪುರದ ವೈಟ್‌ಫೀಲ್ಡ್‌ನಲ್ಲಿ ದುಡಿಯುತ್ತಾರೆ. ಅದನ್ನು ಓದಲಾಗದವರಿಗೆ ಉಳಿಯುವುದು ವಾಕ್ಯವೊಂದೇ.

2. ಸಂಖ್ಯೆ ಮತ್ತು ಪದ

ಸಂಕೇತದ ಮೊದಲ ಅಂಕಿ ವರ್ಗಸೂಚಕ: 1 ಮಧ್ಯಂತರ ಮಾಹಿತಿ, 2 ಸಫಲತೆ, 3 ಬೇರೆಡೆಗೆ ನಿರ್ದೇಶನ, 4 ಕೋರಿಕೆಯ ಕಡೆಯ ದೋಷ, 5 ಸರ್ವರ್ ಕಡೆಯ ದೋಷ. ಸಂಖ್ಯೆಯೊಡನೆ ಬರುವ ಇಂಗ್ಲಿಷ್ ಪದಗುಚ್ಛ ಶಿಫಾರಸು ಮಾತ್ರ. ಅದರ ಬದಲು ಸ್ಥಳೀಯ ಪದಗಳನ್ನು ಬಳಸಬಹುದೆಂದು 1999ರ ಎಚ್‌ಟಿಟಿಪಿ 1.1 ಮಾನಕವೇ ಹೇಳಿತ್ತು. 2015ರ ಎಚ್‌ಟಿಟಿಪಿ 2ರಲ್ಲಿ ಆ ಪದಗುಚ್ಛವನ್ನೇ ಕೈಬಿಡಲಾಯಿತು. ಆದುದರಿಂದ ಓದುಗರಿಗೆ ಯಾವ ಮಾತು ಕಾಣಬೇಕೆಂಬುದು ತಂತ್ರದ ನಿರ್ಬಂಧವಲ್ಲ, ಭಾಷಿಕ ಆಯ್ಕೆ.

3. ನಿಷೇಧದ ಬಗೆಗಳು

ಐದು ಸಂಕೇತಗಳಿಗೆ ನಾವು ಈ ವಾಕ್ಯಗಳನ್ನು ಸೂಚಿಸುತ್ತೇವೆ:

(1) 404: ಕೋರಿದ ಪುಟ ಸಿಗಲಿಲ್ಲ.
(2) 410: ಕೋರಿದ ಪುಟ ಇನ್ನು ಸಿಗುವುದಿಲ್ಲ.
(3) 401: ನೀವು ಯಾರೆಂಬುದು ಖಚಿತವಾಗಿಲ್ಲ.
(4) 403: ಈ ಪುಟವನ್ನು ನೀವು ನೋಡುವಂತಿಲ್ಲ.
(5) 503: ಪುಟವನ್ನು ಒದಗಿಸಲು ಸದ್ಯಕ್ಕೆ ನಮ್ಮಿಂದ ಆಗುತ್ತಿಲ್ಲ.

(1) ಮತ್ತು (2)ರ ಭೇದ ಕಾಲದ್ದು. ‘ಸಿಗಲ್’ ರೂಪಕ್ಕೆ ‘ಇಲ್ಲ’ ಸೇರಿದರೆ ಭೂತಕಾಲದ ನಿಷೇಧ. ‘ಸಿಗುವುದು’ ರೂಪಕ್ಕೆ ಸೇರಿದರೆ ಭೂತೇತರ ನಿಷೇಧ. 404 ಒಂದು ಹುಡುಕಾಟದ ಫಲಿತವನ್ನಷ್ಟೇ ತಿಳಿಸುತ್ತದೆ. 410 ಆ ಅಭಾವ ಬಹುಶಃ ಶಾಶ್ವತವೆಂದು ಸೂಚಿಸುತ್ತದೆ. 404ಕ್ಕೆ ‘ಪುಟ ಇಲ್ಲ’ ಎನ್ನುವುದೂ ಸರಿಯಲ್ಲ. ಪುಟದ ಇರವನ್ನು ಮರೆಮಾಡಲು ಸರ್ವರ್ 403ರ ಬದಲು 404 ನೀಡಬಹುದೆಂದು ಮಾನಕವೇ ಅನುಮತಿಸುತ್ತದೆ. ‘ಸಿಗಲಿಲ್ಲ’ ಎಂಬುದು ಅಸ್ತಿತ್ವದ ಬಗ್ಗೆ ಮೌನವಾಗಿರುತ್ತದೆ; ‘ಇಲ್ಲ’ ಹಾಗಿರದು.

401ರ ಇಂಗ್ಲಿಷ್ ಹೆಸರು ‘ಅನ್‌ಅಥರೈಸ್ಡ್’ ಅಧಿಕಾರದ ಅಭಾವವನ್ನು ಹೇಳುತ್ತದೆ; ಸಂಕೇತದ ಆಶಯವಾದರೋ ಗುರುತಿನ ಪುರಾವೆ ಬೇಕೆಂಬುದು. ಅಧಿಕಾರದ ನಿರಾಕರಣೆ 403ಕ್ಕೆ ಸೇರಿದ್ದು. ‘-ವಂತಿಲ್ಲ’ ಅದಕ್ಕೆ ಒಪ್ಪುತ್ತದೆ. ‘ಅನಧಿಕೃತ’ ಎಂಬ ಪದಶಃ ಅನುವಾದ ಇಂಗ್ಲಿಷಿನ ಗೊಂದಲವನ್ನೇ ಕನ್ನಡಕ್ಕೆ ತರುತ್ತದೆ.

(5)ರಲ್ಲಿ ‘ನಮ್ಮಿಂದ’ ಎಂಬುದು ಮುಖ್ಯ. ‘ದೋಷ ಉಂಟಾಗಿದೆ’ ಎಂಬ ಕರ್ತೃರಹಿತ ವಾಕ್ಯ 4 ಮತ್ತು 5ರ ವರ್ಗಗಳ ಗೆರೆಯನ್ನೇ ಅಳಿಸಿ, ಸರ್ವರಿನ ತಪ್ಪನ್ನು ಓದುಗರು ತಮ್ಮದೆಂದು ತಿಳಿಯುವಂತೆ ಮಾಡುತ್ತದೆ.

4. ಉಪಸಂಹಾರ

ಇಲ್ಲಿ ಕೊರತೆ ಪಾರಿಭಾಷಿಕ ಪದಗಳದ್ದಲ್ಲ. ಹೊಸ ಪದವೊಂದನ್ನೂ ಟಂಕಿಸದೆ ನಾವು ಐದು ಭೇದಗಳನ್ನು ತೋರಿಸಿದ್ದೇವೆ. ಮೇಲಿನ ನಿವಾಸಿಗೆ (1) ವಿಳಾಸವನ್ನು ಪರಿಶೀಲಿಸಲು, (2) ಹುಡುಕಾಟವನ್ನು ನಿಲ್ಲಿಸಲು, (3) ಲಾಗಿನ್ ಆಗಲು, (4) ಅನುಮತಿ ಕೇಳಲು, (5) ಕಾಯಲು ತಿಳಿಸುತ್ತವೆ. ‘ಲಭ್ಯವಿಲ್ಲ’ ಏನನ್ನೂ ತಿಳಿಸುವುದಿಲ್ಲ.