ಹೊಸ ದೇಶದ ಮೊದಲ ಗೆಳೆಯರು

ಆಗಸ್ಟ್ ತಿಂಗಳಲ್ಲಿ ಚಿತ್ರದುರ್ಗ, ಹಿರಿಯೂರು ದಾಟಿ ಬೆಂಗಳೂರಿನತ್ತ ಓಡುವ ಕಾರುಗಳಲ್ಲಿ ಕೆಲವು ನೇರ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಟಿರುತ್ತವೆ. ಡಿಕ್ಕಿಯಲ್ಲಿ ಎರಡು ದೊಡ್ಡ ಸೂಟ್‌ಕೇಸು, ಅದರೊಳಗೆ ಚಟ್ನಿಪುಡಿ ಮತ್ತು ಸ್ವೆಟರು. ಹಿಂದಿನ ಸೀಟಿನಲ್ಲಿ ಎಂ.ಎಸ್. ಓದಲು ಹೊರಟ ಮಗ ಅಥವಾ ಮಗಳು. ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟದ ಮನೆಗಳಿಂದಲೂ ಈಗ ಮಕ್ಕಳು ಹೀಗೆ ಹೊರಡುತ್ತಾರೆ. ಫೀಸು, ವೀಸಾ, ಬ್ಯಾಂಕಿನ ಸಾಲ ಎಲ್ಲದರ ಲೆಕ್ಕ ಮನೆಯವರ ಬಾಯಲ್ಲಿರುತ್ತದೆ. ಆದರೆ ಅಲ್ಲಿ ಇಳಿದ ಮೇಲೆ ಕರೆದುಕೊಂಡು ಹೋಗುವವರು ಯಾರು ಎಂದು ಅಜ್ಜಿ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ.

ಅಮೆರಿಕ, ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯದ ಊರುಗಳಲ್ಲಿ ಆ ಕೆಲಸಕ್ಕೆ ಮುಂದಾಗುವವರಲ್ಲಿ ಕ್ರೈಸ್ತ ಸಭೆಗಳ ಸ್ವಯಂಸೇವಕರೂ ಇದ್ದಾರೆ. ನಿವೃತ್ತ ಮೇಷ್ಟ್ರು, ನರ್ಸು, ಸಣ್ಣ ಮಕ್ಕಳಿರುವ ದಂಪತಿ. ಸಂಬಳವಿಲ್ಲ, ಪೆಟ್ರೋಲಿನ ಖರ್ಚೂ ಅವರದೇ. ಇವರ ಬಗ್ಗೆ ನಮ್ಮ ಕಡೆ ಗೊತ್ತಿರುವುದು ಕಡಿಮೆ. ಗೊತ್ತಿದ್ದವರಲ್ಲೂ ಅನುಮಾನವೇ ಹೆಚ್ಚು.

ಈ ಸೇವೆಗೆ ನೂರು ವರ್ಷ ಮೀರಿದ ಚರಿತ್ರೆಯಿದೆ. 1909ರಲ್ಲಿ ನ್ಯೂಯಾರ್ಕಿನಲ್ಲಿ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಹ್ಯಾರಿ ಎಡ್ಮಂಡ್ಸ್ ಎಂಬಾತ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಒಬ್ಬ ಚೀನೀ ವಿದ್ಯಾರ್ಥಿಗೆ ಶುಭೋದಯ ಹೇಳಿ ಮುಂದೆ ನಡೆದ. ಹುಡುಗ ತಡೆದು ನಿಲ್ಲಿಸಿದ. ಈ ಊರಿಗೆ ಬಂದು ಮೂರು ವಾರವಾಯಿತು, ನನ್ನನ್ನು ಮಾತಾಡಿಸಿದ ಮೊದಲನೆಯವರು ನೀವೇ ಎಂದ. ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿಗೆ ಇದನ್ನು ಹೇಳಿದ. ಗಂಡಹೆಂಡಿರಿಬ್ಬರೂ ಪರದೇಶದ ವಿದ್ಯಾರ್ಥಿಗಳನ್ನು ಭಾನುವಾರ ಮನೆಗೆ ಊಟಕ್ಕೆ ಕರೆಯತೊಡಗಿದರು. ಮನೆ ಸಾಲದಾಯಿತು. ಕೊನೆಗೆ ಕಿರಿಯ ಜಾನ್ ಡಿ. ರಾಕ್‌ಫೆಲರ್ ಹಣ ಕೊಟ್ಟು, 1924ರಲ್ಲಿ ‘ಇಂಟರ್‌ನ್ಯಾಷನಲ್ ಹೌಸ್’ ಎಂಬ ದೊಡ್ಡ ವಸತಿಗೃಹವೇ ಎದ್ದಿತು. ಇಂದಿಗೂ ಅಲ್ಲಿ ನಾನಾ ದೇಶದ, ನಾನಾ ಧರ್ಮದ ವಿದ್ಯಾರ್ಥಿಗಳು ಒಟ್ಟಿಗೆ ಇದ್ದಾರೆ.

ಭಾರತೀಯರೇ ಕೈಹಾಕಿದ ಕೆಲಸವೂ ಉಂಟು. ಭಾರತದ ವೈ.ಎಂ.ಸಿ.ಎ.ಗೆ ಪ್ರಧಾನ ಕಾರ್ಯದರ್ಶಿಯಾದ ಮೊದಲ ಭಾರತೀಯ, ಸೇಲಂನ ಕೆ.ಟಿ. ಪಾಲ್, 1920ರಲ್ಲಿ ಲಂಡನ್ನಿನಲ್ಲಿ ನಮ್ಮ ವಿದ್ಯಾರ್ಥಿಗಳಿಗಾಗಿ ಒಂದು ಹಾಸ್ಟೆಲ್ ತೆರೆದರು. ಆಳುವವರ ರಾಜಧಾನಿಯಲ್ಲಿ ಕಂದುಬಣ್ಣದ ಹುಡುಗನಿಗೆ ಬಾಡಿಗೆ ಕೋಣೆ ಸುಲಭವಾಗಿ ಸಿಗದ ಕಾಲ ಅದು. ಆ ಸಂಸ್ಥೆ ಈಗ ಫಿಟ್ಜ್‌ರಾಯ್ ಚೌಕದಲ್ಲಿದೆ, ಊಟವೂ ನಮ್ಮ ದೇಶದ್ದೇ. ಕರ್ನಾಟಕಕ್ಕೂ ಈ ಚರಿತ್ರೆಯಲ್ಲಿ ಪಾಲಿದೆ. ಲೋಕದ ಕ್ರೈಸ್ತ ವಿದ್ಯಾರ್ಥಿ ಸಂಘಟನೆಗಳ ಒಕ್ಕೂಟ 1928ರಲ್ಲಿ ತನ್ನ ಮಹಾಸಭೆ ಸೇರಿದ್ದು ಮೈಸೂರಿನಲ್ಲಿ. 1912ರಲ್ಲಿ ಹುಟ್ಟಿದ ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಯ ಕಚೇರಿ ಇರುವುದು ಬೆಂಗಳೂರಿನ ಮಿಷನ್ ರಸ್ತೆಯಲ್ಲಿ.

ಸ್ವಯಂಸೇವಕರ ಕೆಲಸ ನೋಡಲು ಸಣ್ಣದು. ವಿಮಾನ ಎಷ್ಟೇ ತಡವಾಗಿ ಇಳಿದರೂ ಹೆಸರು ಬರೆದ ಕಾಗದ ಹಿಡಿದು ಕಾಯುವುದು. ಕೋಣೆ ಸಿಗುವವರೆಗೆ ಒಂದೆರಡು ರಾತ್ರಿ ಮನೆಯಲ್ಲಿ ಜಾಗ ಕೊಡುವುದು. ಊರವರಿಂದ ಹಳೆಯ ಮೇಜು, ಹಾಸಿಗೆ, ಪಾತ್ರೆ ಕೂಡಿಸಿ ಹೊಸಬರಿಗೆ ಹಂಚುವುದು. ಬ್ಯಾಂಕಿಗೆ, ಅಂಗಡಿಗೆ ಜೊತೆ ಹೋಗುವುದು. ನವೆಂಬರಿನ ನಾಲ್ಕನೇ ಗುರುವಾರ ಅಮೆರಿಕದಲ್ಲಿ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬ. ಅಂಗಡಿಗಳು ಮುಚ್ಚುತ್ತವೆ, ಹಾಸ್ಟೆಲುಗಳು ಬರಿದಾಗುತ್ತವೆ. ಹೊರದೇಶದ ಮಕ್ಕಳಿಗೆ ಒಂಟಿತನ ಮೈಮೇಲೆ ಬರುವ ದಿನ ಅದು. ಆವತ್ತು ಯಾರೋ ಒಬ್ಬರು ಬಾಗಿಲು ತೆರೆದು, ನೀನು ಮಾಂಸ ತಿನ್ನುತ್ತೀಯಾ, ಮೊಟ್ಟೆ ಆಗುತ್ತದಾ ಎಂದು ಮೊದಲೇ ವಿಚಾರಿಸಿ ಅಡುಗೆ ಮಾಡಿ ಬಡಿಸುವುದು ದೊಡ್ಡ ಮಾತು ಎಂದೇ ನಾನು ತಿಳಿದಿದ್ದೇನೆ.

ನಮ್ಮ ಹಿರಿಯರ ಕಾಲದ ವಾರಾನ್ನ ಇದಕ್ಕೆ ಹತ್ತಿರದ್ದು. ಓದಲು ಪೇಟೆಗೆ ಬಂದ ಬಡ ಹುಡುಗ ವಾರಕ್ಕೆ ಏಳು ಮನೆ ಹಿಡಿದು, ದಿನಕ್ಕೊಂದು ಮನೆಯಲ್ಲಿ ಉಂಡು ಓದು ಮುಗಿಸುತ್ತಿದ್ದ. ಆದರೆ ಆ ಊಟ ಬಹುಮಟ್ಟಿಗೆ ತಂತಮ್ಮ ಜಾತಿಯೊಳಗೇ ಉಳಿಯಿತು. ಆಮೇಲೆ ಚಿತ್ರದುರ್ಗದ ಮುರುಘಾಮಠ, ಸಿರಿಗೆರೆಯ ತರಳಬಾಳು ಮಠಗಳ ಉಚಿತ ವಿದ್ಯಾರ್ಥಿನಿಲಯಗಳು ಬಂದವು. ಈ ಜಿಲ್ಲೆಯಲ್ಲಿ ಓದಿ ಮೇಲೆ ಬಂದ ಎಷ್ಟೋ ಮನೆತನಗಳಿಗೆ ಧಾರ್ಮಿಕ ಸಂಸ್ಥೆಯೊಂದು ವಿದ್ಯಾರ್ಥಿಯ ಹೊಟ್ಟೆ ನೋಡಿಕೊಳ್ಳುವುದು ಹೊಸ ಸಂಗತಿಯಲ್ಲ.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಮತಾಂತರಕ್ಕೆ ಇದೆಲ್ಲ ಮಾಡುತ್ತಾರೆಯೇ? ಮುಚ್ಚುಮರೆಯಿಲ್ಲದೆ ಹೇಳಬೇಕು: ಇವರಲ್ಲಿ ಹೆಚ್ಚಿನವರು ಯೇಸುವಿನ ಮೇಲಿನ ಭಕ್ತಿಯಿಂದಲೇ ಈ ಕೆಲಸಕ್ಕೆ ಬಂದವರು. ಪರಕೀಯನನ್ನು ಮನೆಗೆ ಸೇರಿಸಿಕೊಳ್ಳುವುದು ಅವರಿಗೆ ಸತ್ಯವೇದದ, ಅಂದರೆ ಬೈಬಲಿನ, ಆಜ್ಞೆ. ಸುವಾರ್ತೆ ಹೇಳುವ ಆಸೆಯೂ ಅವರಿಗಿದೆ, ಕೇಳಿದರೆ ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಆ ಆಸೆಯ ಮೇಲಲ್ಲ, ಅದನ್ನು ಬಚ್ಚಿಡುವುದರ ಮೇಲೆ. ಪಿಜ್ಜಾ ಕೂಟ ಎಂದು ಕರೆದು ಪ್ರಾರ್ಥನೆಗೆ ಕೂರಿಸಿದರೆ ಅದು ಮೋಸ. ಒಳ್ಳೆಯ ಸಂಸ್ಥೆಗಳು ಊಟದ ಆಹ್ವಾನವನ್ನೂ ಸತ್ಯವೇದ ಅಧ್ಯಯನದ ಆಹ್ವಾನವನ್ನೂ ಬೇರೆಬೇರೆಯಾಗಿಯೇ ಕಳಿಸುತ್ತವೆ, ಎರಡನೆಯದಕ್ಕೆ ಬಾರದವನಿಗೂ ಮೊದಲನೆಯದು ತಪ್ಪದಂತೆ ನೋಡಿಕೊಳ್ಳುತ್ತವೆ. ಮನೆಬಿಟ್ಟು ಬಂದ ಇಪ್ಪತ್ತೆರಡರ ಹುಡುಗ ಹಂಗಿಗೆ ಬಿದ್ದು ಹೂಂ ಅಂದುಬಿಡಬಹುದು. ಹಾಗಾಗಿ ಎಚ್ಚರದ ಹೊಣೆ ಹೆಚ್ಚಾಗಿ ಕೊಡುವವನದೇ.

ಹೊರಡುವ ಮಕ್ಕಳು ಮಾಡಬೇಕಾದ್ದು ಇಷ್ಟು. ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ಕಚೇರಿ ಇರುತ್ತದೆ. ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ಯುವವರು ಯಾರಿದ್ದಾರೆ ಎಂದು ಮೊದಲು ಅಲ್ಲಿ ಕೇಳಿ. ಬರುವವರ ಹೆಸರು, ಫೋನ್ ನಂಬರು, ಸಂಸ್ಥೆ ಯಾವುದು ಎಂಬುದನ್ನು ಮನೆಯವರಿಗೂ ಕೊಟ್ಟಿರಿ. ಆತಿಥ್ಯಕ್ಕೆ ಕರೆದವರಿಗೆ ನೀವು ತಿನ್ನುವುದು, ತಿನ್ನದಿರುವುದನ್ನು ಮುಂಚೆಯೇ ತಿಳಿಸಿ. ಊಟಕ್ಕೆ ಬರುತ್ತೇನೆ, ಪ್ರಾರ್ಥನೆಗೆ ಬರುವುದಿಲ್ಲ ಎಂದು ಹೇಳಲು ಸಂಕೋಚ ಬೇಡ. ಹೋಗುವಾಗ ಒಂದು ಪೊಟ್ಟಣ ಚಟ್ನಿಪುಡಿ ಅವರಿಗೂ ಒಯ್ಯಿರಿ. ತುಪ್ಪ, ಬಿಸಿ ಅನ್ನದ ಜೊತೆ ಕಲಸಿಕೊಳ್ಳುವುದು ಹೇಗೆಂದು ನೀವೇ ತೋರಿಸಿಕೊಡಬೇಕಾಗುತ್ತದೆ.