ಫೀಸು ಕಟ್ಟುವ ಮೊದಲು ಹಾಸ್ಟೆಲ್ ನೋಡಿ

ಸುರಪುರ ತಾಲೂಕಿನ ತಿಂಥಣಿ, ಕೃಷ್ಣಾ ನದಿ ದಡದ ಮೌನೇಶ್ವರರ ಊರು. ಅಲ್ಲಿ ಚಾ ಹೋಟೆಲ್ ಇಟ್ಟಿರುವ ನಮ್ಮ ಸಂಬಂಧಿಕರೊಬ್ಬರ ಮಗಳಿಗೆ ಪಿಯುಸಿಗೆ ಮಂಗಳೂರಿನ ಕಡೆ ಹಾಸ್ಟೆಲ್ ಇರುವ ಕಾಲೇಜು ಬೇಕಿತ್ತು. ಸಂದರ್ಶನಕ್ಕೆ ನೇರ ಬರಬಹುದು, ಇಲ್ಲವೇ ವಿಡಿಯೋ ಕಾಲ್ ಆದರೂ ಸಾಕು ಅಂದರು ಕಾಲೇಜಿನವರು. ಬರುವುದೆಂದರೆ ಮೂವರ ಬಸ್ ಚಾರ್ಜು, ರಾತ್ರಿಯಿಡೀ ಪ್ರಯಾಣ, ಎರಡು ದಿನ ಹೋಟೆಲಿಗೆ ಬೀಗ. ಕಾಲ್ ಸಾಕು ಅಂತ ನಾವೇ ಹೇಳಿದೆವು.

ನಡುವೆ ಎರಡು ಸಲ ನೆಟ್‌ವರ್ಕ್ ಹೋದರೂ ಹುಡುಗಿ ಚೆನ್ನಾಗಿಯೇ ಉತ್ತರಿಸಿದಳು. ಫೋನಿಟ್ಟ ಮೇಲೆ ಉಮ್ಮನ ಪ್ರಶ್ನೆ ಶುರು: "ಇವಳು ಮಲಗುವ ಕೋಣೆ ಯಾವುದು? ವಾರ್ಡನ್ ಯಾರು? ಸ್ಕಾರ್ಫಿಗೆ ಏನಂತಾರೆ?" ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಣ್ಣ ಮಕ್ಕಳ ಲೆಕ್ಕ ಬೇರೆ. ಎಂಟನೇ ತರಗತಿವರೆಗೆ ಸಂದರ್ಶನ ಮಾಡಿ ಮಕ್ಕಳನ್ನು ಆರಿಸುವುದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವಿಲ್ಲ. ಆದರೆ ಸುಪ್ರೀಂ ಕೋರ್ಟಿನ 2014ರ ತೀರ್ಪಿನಂತೆ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಕಾಯ್ದೆ ಅನ್ವಯಿಸದು. ನಮ್ಮವರದೇ ಶಾಲೆ ಸಂದರ್ಶನಕ್ಕೆ ಕರೆದರೆ ಆಶ್ಚರ್ಯ ಬೇಡ.

ಸೀಟು ಸಿಕ್ಕಿತು. ಫೀಸು ಕಟ್ಟಲು ಒಂದು ವಾರ ಸಮಯ ಕೇಳಿದೆವು, ಕೊಟ್ಟರು. ಉಮ್ಮ, ಮಗಳು ಇಬ್ಬರೇ ಬಂದು ಕೋಣೆ, ಬಾತ್‌ರೂಮು, ಅಡುಗೆಮನೆ ಎಲ್ಲ ನೋಡಿದರು, ವಾರ್ಡನ್ ಹತ್ತಿರ ಅರ್ಧ ಗಂಟೆ ಮಾತಾಡಿದರು. ಅದಾದ ಮೇಲೆಯೇ ದುಡ್ಡು ಕಟ್ಟಿದ್ದು.